ತೆರೆದ ಬಾಗಿಲು: ಪಂಡಿತಾ ರಮಾಬಾಯಿಯವರ ಬದಲಾದ ಬದುಕು ಮತ್ತು ಅನುಸರಣೆಯ ಪ್ರಶ್ನೆ

ಕ್ರೈಸ್ತ ಪರಂಪರೆಯಲ್ಲಿ ಬದಲಾದ ಬದುಕಿನ ಕಥೆ ಹೇಳುವುದಕ್ಕೆ ಬಹಳ ಹಿಂದೆಯೇ ಒಂದು ಅಚ್ಚು ಸಿದ್ಧವಾಗಿತ್ತು. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದ ಪೌಲ, ಮಿಲಾನಿನ ತೋಟದಲ್ಲಿ ಮಗುವಿನ ದನಿ ಕೇಳಿ ಗ್ರಂಥ ತೆರೆದ ಅಗಸ್ಟೀನ್: ಇವರ ನಂತರ ಬಂದ ಸಾಕ್ಷ್ಯಕಥನಗಳು ಹೆಚ್ಚುಕಡಿಮೆ ಇದೇ ಜಾಡಿನವು. ಹಿಂದೆ ಕತ್ತಲು, ನಡುವೆ ಒಂದು ಗಳಿಗೆ, ಮುಂದೆ ಬೆಳಕು. ಹತ್ತೊಂಬತ್ತನೆಯ ಶತಮಾನದ ಮಿಷನರಿ ಬರಹಗಳು ಭಾರತದಲ್ಲಿ ಕ್ರೈಸ್ತರಾದವರ ಬದುಕನ್ನೂ ಇದೇ ಅಚ್ಚಿಗೆ ಹೊಯ್ದವು. ಆದರೆ ಪೌಲ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ತನ್ನನ್ನು ಅನುಸರಿಸಿ ಎಂದು ಹೇಳುವಾಗ ಆ ಮಾತನ್ನು ಅಲ್ಲಿಗೇ ಬಿಡುವುದಿಲ್ಲ; ತಾನು ಕ್ರಿಸ್ತನನ್ನು ಅನುಸರಿಸುವಂತೆ ಎಂದು ಸೇರಿಸುತ್ತಾನೆ. ದಮಸ್ಕದ ಬೆಳಕು ಅವನೊಬ್ಬನಿಗೆ ಆದದ್ದು, ಅದನ್ನು ಇನ್ನೊಬ್ಬರು ಅನುಸರಿಸುವಂತಿಲ್ಲ. ಅನುಸರಿಸಲು ಸಾಧ್ಯವಿರುವುದು ನಡೆಯನ್ನು ಮಾತ್ರ.

ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಪಂಡಿತಾ ರಮಾಬಾಯಿಯವರ (1858–1922) ಬದುಕನ್ನು ಮತ್ತೆ ಓದಬೇಕೆಂಬುದು ಈ ಲೇಖನದ ಉದ್ದೇಶ. ಅವರ ಬಗೆಗಿನ ಬರಹ ಎರಡು ದಿಕ್ಕಿಗೆ ಒಡೆದಿದೆ. ನಿಕೋಲ್ ಮ್ಯಾಕ್‌ನಿಕೋಲ್ ಅವರ 1926ರ ಜೀವನಚರಿತ್ರೆಯಂಥ ಕ್ರೈಸ್ತ ಕೃತಿಗಳಲ್ಲಿ ರಮಾಬಾಯಿ ಭಕ್ತಿಯ ಆದರ್ಶ. ಉಮಾ ಚಕ್ರವರ್ತಿ, ಮೀರಾ ಕೊಸಾಂಬಿ, ಗೌರಿ ವಿಶ್ವನಾಥನ್ ಮೊದಲಾದ ವಿದ್ವಾಂಸರಲ್ಲಿ ಅವರು ಪುರುಷಪ್ರಧಾನ ಬ್ರಾಹ್ಮಣ್ಯವನ್ನೂ ವಸಾಹತುಶಾಹಿ ಚರ್ಚನ್ನೂ ಏಕಕಾಲಕ್ಕೆ ಪ್ರಶ್ನಿಸಿದ ಭಿನ್ನಮತಿ. ಎರಡೂ ಓದುಗಳು ನಿಜವನ್ನೇ ಹೇಳುತ್ತವೆ. ಆದರೆ ಒಂದು ಅವರ ವಿಶ್ವಾಸವನ್ನು ನೋಡುವಾಗ ಭಿನ್ನಮತವನ್ನು ಮರೆಯುತ್ತದೆ, ಇನ್ನೊಂದು ಭಿನ್ನಮತವನ್ನು ನೋಡುವಾಗ ವಿಶ್ವಾಸವನ್ನು ಬದಿಗಿಡುತ್ತದೆ. ಇವೆರಡೂ ಒಂದೇ ಬೇರಿನವು ಎಂಬುದು ನನ್ನ ವಾದ. ರಮಾಬಾಯಿ ಬೇರೆಯವರ ಬದುಕಿನಿಂದ ಕಲಿಯುವಾಗ ಅವರ ಕೆಲಸವನ್ನು ತೆಗೆದುಕೊಂಡರು, ಅವರ ಯಜಮಾನಿಕೆಯನ್ನು ಒಪ್ಪಲಿಲ್ಲ. ತಮ್ಮ ಬದುಕು ಬೇರೆಯವರಿಗೆ ಮಾದರಿಯಾಗುವ ಹೊತ್ತು ಬಂದಾಗಲೂ ಬಹುಪಾಲು ಇದೇ ನಿಯಮವನ್ನು ಪಾಲಿಸಿದರು. ಎಲ್ಲಿ ಪಾಲಿಸುವುದು ಕಷ್ಟವಾಯಿತೋ ಅಲ್ಲಿ ಅವರ ಮಾದರಿಯೂ ಪ್ರಶ್ನೆಗೆ ಒಳಗಾಗುತ್ತದೆ.

ಮಾಳದಿಂದ ಝೇಲಂ ದಂಡೆಯವರೆಗೆ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರ ಉಗಮವೆಂದು ನಾವು ಕರೆಯುವ ಜಾಗ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಮನೆತನದವರು. ಪೇಶ್ವೆಯ ಮನೆಯ ಹೆಂಗಸೊಬ್ಬರು ಸಂಸ್ಕೃತ ಓದುವುದನ್ನು ಕಂಡು, ಹೆಂಡತಿಗೂ ಸಂಸ್ಕೃತ ಕಲಿಸಬೇಕೆಂದು ಹೊರಟವರು. ಈ ಹಟಕ್ಕೆ ಊರಲ್ಲಿ ವಿರೋಧ ಬಂತು. ಉಡುಪಿಯ ಮಾಧ್ವ ವಿದ್ವಾಂಸರ ಮುಂದೆ ಅವರು ಶಾಸ್ತ್ರಾಧಾರಗಳೊಂದಿಗೆ ತಮ್ಮ ನಡೆಯನ್ನು ಸಮರ್ಥಿಸಿಕೊಂಡರೆಂದು ಜೀವನಚರಿತ್ರೆಗಳು ದಾಖಲಿಸಿವೆ. ಕೊನೆಗೆ ಕಾಡಿನಲ್ಲಿ ಮನೆ ಕಟ್ಟಿಕೊಂಡು, ಪತ್ನಿ ಲಕ್ಷ್ಮೀಬಾಯಿಗೆ ಅಲ್ಲಿಯೇ ಪಾಠ ಹೇಳಿದರು. ಮುಂದೆ ಮಗಳಿಗೆ ಸಂಸ್ಕೃತ ಕಲಿಸಿದ್ದು ಈ ತಾಯಿಯೇ. ರಮಾಬಾಯಿಯ ಮೊದಲ ಮಾದರಿಯನ್ನು ಹುಡುಕುವವರು ಅವರು ದೀಕ್ಷಾಸ್ನಾನ ಪಡೆದ ಇಂಗ್ಲೆಂಡಿನ ವಾಂಟೇಜಿಗೆ ಹೋಗುವ ಮೊದಲು ಗಂಗಾಮೂಲಕ್ಕೆ ಹೋಗಬೇಕು. ಶಾಸ್ತ್ರವನ್ನು ಬಿಡದೆಯೇ ಶಾಸ್ತ್ರಿಗಳ ಮಾತನ್ನು ಮೀರಬಹುದೆಂಬುದನ್ನು ಅವರು ಕಲಿತದ್ದು ತಂದೆಯಿಂದ.

ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ ತಮ್ಮನ್ನು ಬೆಟ್ಟದಿಂದ ಕೆಳಗಿಳಿಸಿದರೆಂದು ರಮಾಬಾಯಿ ಬರೆದಿದ್ದಾರೆ. ಮುಂದಿನ ವರ್ಷಗಳಲ್ಲಿ ಪುರಾಣ ಹೇಳುವುದೇ ಮನೆಮಂದಿಯ ಜೀವನೋಪಾಯ. 1870ರ ದಶಕದ ಬರಗಾಲದಲ್ಲಿ ಕೇಳುವವರೂ ಇಲ್ಲವಾದರು, ಕೊಡುವವರೂ ಇಲ್ಲವಾದರು. 1874ರಲ್ಲಿ ತಂದೆ ತೀರಿಕೊಂಡರು, ಅದಾದ ಕೆಲವೇ ವಾರಗಳಲ್ಲಿ ತಾಯಿ, ಬಳಿಕ ಅಕ್ಕ. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ. ಇಬ್ಬರೂ ಕಾಲ್ನಡಿಗೆಯಲ್ಲಿ ಉತ್ತರ ಭಾರತ ಸುತ್ತಿದರು. ಝೇಲಂ ನದಿಯ ದಂಡೆಯಲ್ಲಿ ಹೊದೆಯಲು ಬಟ್ಟೆಯಿಲ್ಲದ ಒಂದು ಚಳಿಗಾಲದಲ್ಲಿ, ಗೋರಿಯಷ್ಟು ಉದ್ದದ ಎರಡು ಗುಂಡಿ ತೋಡಿ, ಅದರೊಳಗೆ ಮಲಗಿ, ತಲೆಯೊಂದನ್ನು ಬಿಟ್ಟು ಮೈಮೇಲೆ ಮರಳು ಎಳೆದುಕೊಂಡು ಇರುಳು ಕಳೆದ ಸಂಗತಿಯನ್ನು ಅವರು 1907ರಲ್ಲಿ ಪ್ರಕಟಿಸಿದ ಸಾಕ್ಷ್ಯದಲ್ಲಿ ಹೇಳಿದ್ದಾರೆ. ಇಪ್ಪತ್ತು ವರ್ಷಗಳ ನಂತರ ಮಧ್ಯಪ್ರಾಂತ್ಯದ ಬರಪೀಡಿತ ಹುಡುಗಿಯರನ್ನು ಕರೆತರಲು ಅವರು ಹೊರಟದ್ದು ಈ ನೆನಪಿನ ಬಲದಿಂದಲೇ. ಹೀಗಾಗಿ ಅವರ ಬದುಕಿನಲ್ಲಿ ಕ್ರೈಸ್ತಧರ್ಮಕ್ಕೆ ಮುಂಚಿನದನ್ನೆಲ್ಲ ಕತ್ತಲೆಂದು ತಳ್ಳಿಹಾಕುವ ಓದು ನಿಲ್ಲುವುದಿಲ್ಲ. ಕ್ರೈಸ್ತಳಾಗಿ ಅವರು ಮಾಡಿದ ದೊಡ್ಡ ಕೆಲಸದ ಬೀಜ ಆ ಮರಳಿನ ಗುಂಡಿಯಲ್ಲಿದೆ.

1878ರಲ್ಲಿ ಕಲ್ಕತ್ತೆಗೆ ಬಂದು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಪಡೆದದ್ದು, 1880ರಲ್ಲಿ ಅಣ್ಣನ ಮರಣದ ನಂತರ ಬಂಗಾಳದ ಶೂದ್ರ ಜಾತಿಯ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದದ್ದು, 1882ರಲ್ಲಿ ಕಾಲರಾದಿಂದ ಗಂಡ ತೀರಿಕೊಂಡಾಗ ಮಗಳು ಮನೋರಮಾ ಇನ್ನೂ ಕೈಗೂಸಾಗಿದ್ದದ್ದು, ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದ್ದು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಹೇಳಿಕೆ ಕೊಟ್ಟದ್ದು, ಇವೆಲ್ಲ ತಿಳಿದ ವಿಷಯಗಳು. ವೈದ್ಯ ಶಿಕ್ಷಣದ ಆಸೆಯಿಂದ 1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ.

ಎರಡು ತಾರೀಖುಗಳ ನಡುವೆ

ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಮದಲ್ಲಿ ರಮಾಬಾಯಿಯೂ ಮಗಳೂ ದೀಕ್ಷಾಸ್ನಾನ ಪಡೆದರು. ಅಚ್ಚಿನ ಕಥೆಯಾಗಿದ್ದರೆ ಇಲ್ಲಿಗೆ ಬೆಳಕು ಹರಿಯಬೇಕಿತ್ತು. ಆದರೆ ಅವರ ಸಾಕ್ಷ್ಯ ಹೇಳುವುದು ಬೇರೆ. ತಮಗೆ ಆಗ ಸಿಕ್ಕಿದ್ದು ಕ್ರೈಸ್ತಧರ್ಮ, ಕ್ರಿಸ್ತನನ್ನು ಕಂಡದ್ದು ಅದಾಗಿ ಸುಮಾರು ಎಂಟು ವರ್ಷಗಳ ನಂತರ ಎಂದು ಅವರು ಸ್ಪಷ್ಟವಾಗಿ ಬರೆಯುತ್ತಾರೆ. ಅಂದರೆ 1883 ಮತ್ತು 1891 ಎಂಬ ಎರಡು ತಾರೀಖುಗಳು. ಒಂದನ್ನು ಬುದ್ಧಿಯ ಒಪ್ಪಿಗೆ, ಇನ್ನೊಂದನ್ನು ಹೃದಯದ ಒಪ್ಪಿಗೆ ಎಂದು ಬೇರ್ಪಡಿಸುವುದು ವಾಡಿಕೆ. ಈ ವಿಂಗಡಣೆ ನನಗೆ ಸಾಕೆನಿಸುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಅವರನ್ನು ಅಲುಗಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಬೇರೆಯವರು ಬದುಕಿದ ರೀತಿ.

ಮೊದಲನೆಯ ಸಂದರ್ಭ ಲಂಡನ್ನಿನ ಫುಲ್‌ಹ್ಯಾಮ್‌ನದು. ಸಮಾಜ ಕೆಟ್ಟವರೆಂದು ಕೈಬಿಟ್ಟ ಹೆಂಗಸರಿಗಾಗಿ ಸನ್ಯಾಸಿನಿಯರು ಅಲ್ಲೊಂದು ಆಶ್ರಯಮನೆ ನಡೆಸುತ್ತಿದ್ದರು. ರಮಾಬಾಯಿಯನ್ನು ಅಲ್ಲಿಗೆ ಕರೆದೊಯ್ದರು. ಇಂಥ ಹೆಂಗಸರನ್ನು ಮನುಷ್ಯರಂತೆ ಕಾಣಲು, ಅವರ ಬದುಕು ಮತ್ತೆ ನೆಟ್ಟಗಾಗಲೆಂದು ಹಗಲಿರುಳು ದುಡಿಯಲು ಯಾರಾದರೂ ಮುಂದಾಗುತ್ತಾರೆಂಬುದು ಅವರಿಗೆ ಹೊಸದಾಗಿತ್ತು. ಧರ್ಮಶಾಸ್ತ್ರಗಳು ಇಂಥವರಿಗೆ ವಿಧಿಸುವ ಶಿಕ್ಷೆಗಳನ್ನು ಅವರು ಬಾಯಿಪಾಠವಾಗಿ ಬಲ್ಲವರು. ಏಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಸನ್ಯಾಸಿನಿ ಉತ್ತರವಾಗಿ ಓದಿದ್ದು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಂದಿಗೆ ಯೇಸು ಆಡಿದ ಮಾತು. ಇಲ್ಲಿನ ಅನುಕ್ರಮವನ್ನು ಗಮನಿಸಬೇಕು. ಮೊದಲು ಕಣ್ಣಿಗೆ ಬಿದ್ದದ್ದು ಕೆಲಸ. ಅದನ್ನು ಕಂಡು ಪ್ರಶ್ನೆ ಹುಟ್ಟಿತು. ಗ್ರಂಥ ಬಂದದ್ದು ಆ ಪ್ರಶ್ನೆಯ ಬೆನ್ನಿಗೆ.

ವಾಂಟೇಜಿನ ಅದೇ ಆಶ್ರಮದೊಂದಿಗಿನ ಅವರ ಪತ್ರವ್ಯವಹಾರ ಮಾತ್ರ ಬೇರೆಯೇ ಮುಖವನ್ನು ತೋರಿಸುತ್ತದೆ. ಸಿಸ್ಟರ್ ಜೆರಾಲ್ಡಿನ್ ಸಂಗ್ರಹಿಸಿಟ್ಟು, 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಅಚ್ಚಾದ ಈ ಪತ್ರಗಳು ಹತ್ತೊಂಬತ್ತನೆಯ ಶತಮಾನದ ಭಾರತೀಯ ಕ್ರೈಸ್ತ ಚಿಂತನೆಯ ಬಹು ಮುಖ್ಯ ದಾಖಲೆ. ಜೆರಾಲ್ಡಿನ್ ರಮಾಬಾಯಿಗೆ ಧರ್ಮಮಾತೆ, ವಯಸ್ಸಿನಲ್ಲಿ ಹಿರಿಯರು, ಮನೋರಮಾಳನ್ನು ಪ್ರೀತಿಯಿಂದ ಸಾಕಿದವರು. ಅವರ ಋಣವನ್ನು ರಮಾಬಾಯಿ ಎಂದೂ ಅಲ್ಲಗಳೆಯಲಿಲ್ಲ. ಆದರೆ ತ್ರಿತ್ವದ ಸಿದ್ಧಾಂತವನ್ನು ಗುರುಗಳು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪಲು ಅವರು ಸಿದ್ಧರಿರಲಿಲ್ಲ. ಭಾರತದ ಪುರೋಹಿತರ ನೊಗವನ್ನು ಈಗಷ್ಟೇ ಕಷ್ಟಪಟ್ಟು ಇಳಿಸಿಕೊಂಡಿದ್ದೇನೆ, ಅಂಥದೇ ಇನ್ನೊಂದನ್ನು ಹೆಗಲಿಗೆ ಹಾಕಿಕೊಳ್ಳಲಾರೆ ಎಂಬ ಅರ್ಥದ ಮಾತನ್ನು ಅವರು ಬರೆದರು. ಅವರು ಮುಂದೆ ಸೇರಿದ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಗಂಡಸರಿಗೆ ಪಾಠ ಹೇಳಬಹುದೇ ಎಂಬ ಪ್ರಶ್ನೆ ಎದ್ದು ಬಿಷಪ್ಪರು ಆಕ್ಷೇಪಿಸಿದಾಗ, ಭಾರತದಲ್ಲಿ ಗಂಡಸರ ಸಭೆಗಳಲ್ಲಿ ಮಾತಾಡಿ ಬಂದವಳಿಗೆ ಇಲ್ಲಿ ಏಕೆ ತಡೆ ಎಂದು ಕೆರಳಿದರು. ಕೊರಳಿಗೆ ಹಾಕಿಕೊಳ್ಳುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಏಕೆ, ನಮ್ಮ ಜನಕ್ಕೆ ಆ ಭಾಷೆ ಬರುವುದಿಲ್ಲವಲ್ಲ ಎಂದು ಕೇಳಿದರು. ಮಾಂಸ ಮೊಟ್ಟೆ ಮುಟ್ಟದ ತಮ್ಮ ಊಟದ ಪದ್ಧತಿಯನ್ನು ಬಿಡಲಿಲ್ಲ. ಜೆರಾಲ್ಡಿನ್‌ಗೆ ಇದು ಜಾತಿಯ ಗರ್ವದ ಪಳೆಯುಳಿಕೆಯಾಗಿ ಕಂಡಿತು. ಪಶ್ಚಿಮದ ತಟ್ಟೆಯಲ್ಲಿ ಉಣ್ಣುವುದು ಕ್ರಿಸ್ತನನ್ನು ಅನುಸರಿಸುವುದರ ಭಾಗವೆಂದು ರಮಾಬಾಯಿಗೆ ಅನ್ನಿಸಲಿಲ್ಲ.

ಚೆಲ್ಟನ್‌ಹ್ಯಾಮ್‌ನ ಮುಖ್ಯಸ್ಥೆ ಡೊರೊತಿಯಾ ಬೀಲ್ ಈ ತಳಮಳವನ್ನು ಜೆರಾಲ್ಡಿನ್‌ಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ರಮಾಬಾಯಿಯನ್ನು ವಾದಕ್ಕೆ ಬಿಡಬೇಕು, ಅಧೀನಕ್ಕೆ ತರಬಾರದು ಎಂಬ ತಿಳಿವಳಿಕೆ ಅವರ ಪತ್ರಗಳಲ್ಲಿ ಕಾಣುತ್ತದೆ. ಒಬ್ಬರಿಂದ ಕಲಿಯುವುದು ಬೇರೆ, ಒಬ್ಬರ ಕೈಕೆಳಗಿರುವುದು ಬೇರೆ ಎಂಬುದು ಈ ಮೂವರು ಹೆಂಗಸರ ನಡುವಣ ಪತ್ರಗಳಲ್ಲಿ ಇಷ್ಟು ನಿಚ್ಚಳವಾಗಿ ಮೂಡಿದೆ. ಮತಾಂತರವನ್ನು ಭಿನ್ನಮತದ ಕ್ರಿಯೆಯಾಗಿ ನೋಡುವ ಗೌರಿ ವಿಶ್ವನಾಥನ್ ಅವರ ವಾದಕ್ಕೆ ಈ ಪತ್ರಗಳು ದೊಡ್ಡ ಆಧಾರ. ಅದಕ್ಕೆ ನಾನು ಸೇರಿಸಬಯಸುವುದು ಇಷ್ಟೇ: ಇಲ್ಲಿನ ಭಿನ್ನಮತ ಭಕ್ತಿಯ ಕೊರತೆಯಿಂದ ಬಂದದ್ದಲ್ಲ. ಫುಲ್‌ಹ್ಯಾಮ್‌ನಲ್ಲಿ ಕಂಡದ್ದು ಅಷ್ಟು ದೊಡ್ಡದಾಗಿದ್ದರಿಂದಲೇ ಅದಕ್ಕೆ ಲ್ಯಾಟಿನ್ ಬರಹದ, ಬಿಷಪ್ಪರ ಅಪ್ಪಣೆಯ ಹಂಗು ಇರಬಾರದೆಂದು ಅವರಿಗೆ ತೋರಿತು.

ಎರಡನೆಯ ತಾರೀಖಿನ ಹಿಂದೆಯೂ ಒಂದು ಬದುಕಿನ ಕಥೆ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪಾದ್ರಿ ವಿಲಿಯಂ ಹ್ಯಾಸ್ಲಮ್ 1851ರಲ್ಲಿ ತಮ್ಮದೇ ಚರ್ಚಿನ ವೇದಿಕೆಯಲ್ಲಿ ಪ್ರಸಂಗ ಮಾಡುತ್ತಿರುವಾಗ ತಮಗೇ ಅದು ತಟ್ಟಿ ಬದಲಾದವರು. ಪಾದ್ರಿಯಾಗಿ ವರ್ಷಗಳಾದ ಮೇಲೆ! ಹ್ಯಾಸ್ಲಮ್ ಬರೆದ ಆತ್ಮಕಥನವನ್ನು ಓದುತ್ತ ರಮಾಬಾಯಿಗೆ ತಮ್ಮ ಕೊರತೆ ಏನೆಂದು ಹೊಳೆಯಿತು. ಒಬ್ಬರ ಬದಲಾದ ಬದುಕು ಇನ್ನೊಬ್ಬರಿಗೆ ದಾರಿಯಾಗುವುದೆಂದರೆ ಇದೇ. ಕಾರ್ನ್‌ವಾಲಿನ ಗಂಡು ಪಾದ್ರಿಗೂ ಪುಣೆಯ ವಿಧವೆಗೂ ಹೊಂದಿಕೆಯಾಗುವಂಥದು ಹೊರನೋಟಕ್ಕೆ ಏನೂ ಇರಲಿಲ್ಲ. ಇಬ್ಬರೂ ಧರ್ಮದ ಒಳಗೇ ಇದ್ದು ಅದರ ಹೊರಗಿದ್ದವರು ಎಂಬ ಒಂದು ಎಳೆ ಮಾತ್ರ ಅವರನ್ನು ಜೋಡಿಸಿತು.

ಶಾರದಾ ಸದನದ ಬಾಗಿಲು

ಈ ಎರಡು ತಾರೀಖುಗಳ ನಡುವೆ ರಮಾಬಾಯಿ ಅಮೆರಿಕಕ್ಕೆ ಹೋಗಿ ಬಂದಿದ್ದರು. 1886ರ ಮಾರ್ಚಿನಲ್ಲಿ ಫಿಲಡೆಲ್ಫಿಯದಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯ ಪದವಿ ಪ್ರದಾನಕ್ಕೆಂದು ಹೋದವರು ಅಲ್ಲಿಯೇ ಉಳಿದು, ಕಿಂಡರ್‌ಗಾರ್ಟನ್ ಶಿಕ್ಷಣ ಪದ್ಧತಿ ಕಲಿತು, 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಹಣ ಒದಗಿಸುವ ಭರವಸೆ ಕೊಟ್ಟಿತು. ಆ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರ ಶಾಲೆಯಾದ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಹೋಯಿತು.

ಸದನದ ಕರಾರು ಧಾರ್ಮಿಕ ತಾಟಸ್ಥ್ಯ. ಹುಡುಗಿಯರು ತಮ್ಮ ಜಾತಿಯ ಆಚಾರ ಪಾಲಿಸಬಹುದು, ಅವರಿಗೆ ಕ್ರೈಸ್ತ ಬೋಧನೆ ಇಲ್ಲ. ಸಲಹಾ ಮಂಡಳಿಯಲ್ಲಿ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಅವರಂಥ ಸುಧಾರಕರಿದ್ದರು. ರಮಾಬಾಯಿ ಪ್ರತಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳ ಜತೆ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಸುದ್ದಿ ಹಬ್ಬಿತು, ತಿಲಕರ ಕೇಸರಿ ಪತ್ರಿಕೆ ಹರಿಹಾಯಿತು, ಪೋಷಕರು ಗಾಬರಿಯಾದರು. ಹುಡುಗಿಯರು ಬರದಂತೆ ತಡೆಯಿರಿ, ಬಾಗಿಲು ಹಾಕಿಕೊಳ್ಳಿ ಎಂಬ ಒತ್ತಾಯಕ್ಕೆ ರಮಾಬಾಯಿ ಒಪ್ಪಲಿಲ್ಲ. ತಾವು ಯಾರನ್ನೂ ಕರೆಯುತ್ತಿಲ್ಲ. ಹಾಗೆಂದು ತಮ್ಮ ವಿಶ್ವಾಸವನ್ನು ಕದ್ದುಮುಚ್ಚಿ ಆಚರಿಸುವುದಿಲ್ಲ, ಬಂದವರನ್ನು ಹೊರಗೆ ತಳ್ಳುವುದೂ ಇಲ್ಲ. ಹಿಂದೂ ಮನೆಗಳಲ್ಲಿ ತಾಯಿ ದೇವರ ಪೂಜೆ ಮಾಡುವಾಗ ಮಕ್ಕಳು ಬಂದು ಕೂತರೆ ಅದನ್ನು ಯಾರೂ ಬಲಾತ್ಕಾರ ಎನ್ನುವುದಿಲ್ಲವಲ್ಲ ಎಂಬುದು ಅವರ ನಿಲುವಿನೊಳಗಿನ ತರ್ಕ. 1893ರ ಆಗಸ್ಟಿನಲ್ಲಿ ರಾನಡೆ, ಭಂಡಾರಕರ್ ಮಂಡಳಿಯಿಂದ ಹೊರಬಂದರು. ಹಲವು ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಬದಲಾದ ಬದುಕು ಬೇರೆಯವರಿಗೆ ಮಾದರಿಯಾಗುವುದರ ಸೂಕ್ಷ್ಮಗಳೆಲ್ಲ ಈ ಬಾಗಿಲ ಪ್ರಕರಣದಲ್ಲಿ ಸೇರಿಕೊಂಡಿವೆ. ಉಪದೇಶ ಮಾಡುವುದಿಲ್ಲವೆಂದು ಕೊಟ್ಟ ಮಾತನ್ನು ರಮಾಬಾಯಿ ಅಕ್ಷರಶಃ ಉಳಿಸಿಕೊಂಡರು. ಆದರೆ ಉಪದೇಶಕ್ಕಿಂತ ಹೆಚ್ಚಿನ ಬಲ ನಡತೆಗಿದೆ ಎಂಬುದು ಅವರ ವಿರೋಧಿಗಳಿಗೂ ಗೊತ್ತಿತ್ತು. ಅದಕ್ಕಾಗಿಯೇ ಅವರಿಗೆ ತೆರೆದ ಬಾಗಿಲು ಉಪದೇಶಕ್ಕಿಂತ ಅಪಾಯಕಾರಿಯಾಗಿ ಕಂಡಿತು. ತಲೆ ಬೋಳಿಸಿಕೊಂಡು, ಒಂದು ಹೊತ್ತು ಉಂಡು, ಅತ್ತೆಮನೆಯ ಮೂಲೆಯಲ್ಲಿ ಶಾಪ ಕೇಳುತ್ತ ಬದುಕಿದ್ದ ಹನ್ನೆರಡು ಹದಿಮೂರರ ವಿಧವೆಗೆ, ತನ್ನಂತೆಯೇ ವಿಧವೆಯಾದ, ತಲೆಯೆತ್ತಿ ನಡೆಯುವ, ತನ್ನನ್ನು ಹತ್ತಿರ ಕೂರಿಸಿಕೊಂಡು ಮಾತಾಡಿಸುವ ಒಬ್ಬಾಕೆ ಕಂಡರೆ, ಆಕೆಗೆ ಈ ಬಲ ಎಲ್ಲಿಂದ ಬಂತು ಎಂಬ ಕುತೂಹಲ ಸಹಜ. ಫುಲ್‌ಹ್ಯಾಮ್‌ನಲ್ಲಿ ರಮಾಬಾಯಿ ಕೇಳಿದ್ದೂ ಇದೇ ಪ್ರಶ್ನೆ. ಆ ಪ್ರಶ್ನೆ ಹುಟ್ಟದಂತೆ ಮಾಡಬೇಕಾದರೆ ಬಾಗಿಲು ಮುಚ್ಚಿದರೂ ಸಾಲದು, ಅವರು ಹಾಗೆ ಬದುಕುವುದನ್ನೇ ನಿಲ್ಲಿಸಬೇಕಿತ್ತು. ಸುಧಾರಕರ ಆತಂಕ ಅರ್ಥವಾಗುವಂಥದು, ಶಾಲೆಯ ಉಳಿವೇ ಪೋಷಕರ ನಂಬಿಕೆಯ ಮೇಲೆ ನಿಂತಿತ್ತು. ಆದರೂ ಈ ವಿಷಯದಲ್ಲಿ ರಮಾಬಾಯಿಯದೇ ಸರಿಯೆಂದು ನಾನು ನಂಬುತ್ತೇನೆ.

ಜ್ಯೋತಿರಾವ್ ಫುಲೆ ಇನ್ನೂ ಮೊದಲೇ, 1885ರ ಸತ್ಸಾರ್ ಎಂಬ ಕಿರುಹೊತ್ತಗೆಯಲ್ಲಿ, ರಮಾಬಾಯಿಯ ಮತಾಂತರದ ಪರವಾಗಿ ನಿಂತಿದ್ದರು. ಫುಲೆ ಕ್ರೈಸ್ತರಾಗಲಿಲ್ಲ, ಆಗುವ ಇಚ್ಛೆಯೂ ಅವರಿಗಿರಲಿಲ್ಲ. ಶಾಸ್ತ್ರಗಳನ್ನು ಓದಿ, ಅವುಗಳ ಪಕ್ಷಪಾತವನ್ನು ಕಂಡು, ಸ್ವಂತ ಬುದ್ಧಿಯಿಂದ ನಿರ್ಧರಿಸಿದ ಹೆಣ್ಣೆಂದು ಅವರು ರಮಾಬಾಯಿಯನ್ನು ಕಂಡರು. ಅವರ ಮತಾಂತರ ಕ್ರೈಸ್ತರಲ್ಲದವರಿಗೂ ಅನುಕರಣೀಯವಾಗಿ ಕಂಡದ್ದಕ್ಕೆ ಬಹುಶಃ ಇದೇ ಮೊದಲ ಪುರಾವೆ.

ಕೇಡಗಾಂವ್: ಅನ್ನ ಮತ್ತು ವಿಶ್ವಾಸ

ಬಾಸ್ಟನ್ನಿನ ಹತ್ತು ವರ್ಷದ ಭರವಸೆ ಮುಗಿಯುತ್ತ ಬಂದಾಗ ರಮಾಬಾಯಿ ಪುಣೆ ಸಮೀಪದ ಕೇಡಗಾಂವಿಯಲ್ಲಿ ಸುಮಾರು ನೂರು ಎಕರೆ ಜಮೀನು ಕೊಂಡು ಹಣ್ಣಿನ ಗಿಡ ಹಾಕಿಸಿದ್ದರು. ಪರದೇಶದ ಹಣ ನಿಂತರೆ ತೋಟದ ಉತ್ಪತ್ತಿಯಿಂದ ಶಾಲೆ ನಡೆಯಲಿ ಎಂಬ ಲೆಕ್ಕ. ಈ ಹೊತ್ತಿಗೆ ಅವರು ಮೂವರ ಬದುಕಿನ ಕಥೆಗಳನ್ನು ಓದಿದ್ದರು: ಬ್ರಿಸ್ಟಲ್‌ನಲ್ಲಿ ಯಾರಲ್ಲೂ ಹಣ ಕೇಳದೆ ಪ್ರಾರ್ಥನೆಯೊಂದನ್ನೇ ನೆಚ್ಚಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್, ಚೀನಾ ಇನ್‌ಲ್ಯಾಂಡ್ ಮಿಷನ್ನಿನ ಹಡ್ಸನ್ ಟೇಲರ್, ಪೆಸಿಫಿಕ್ ದ್ವೀಪಗಳಲ್ಲಿ ದುಡಿದ ಜಾನ್ ಪೇಟನ್. ಅಲ್ಲಿ ಆದದ್ದು ಭಾರತದಲ್ಲಿ ಏಕೆ ಆಗಬಾರದು ಎಂದು ತಮ್ಮನ್ನು ತಾವು ಕೇಳಿಕೊಂಡದ್ದನ್ನು ಅವರು ದಾಖಲಿಸಿದ್ದಾರೆ. ಆದರೆ ಅವರು ಮುಲ್ಲರನ ನಕಲಾಗಲಿಲ್ಲ. ಪ್ರಾರ್ಥನೆಯ ಜತೆಗೇ ಬಾವಿ ತೋಡಿಸಿದರು, ಹಸು ಸಾಕಿದರು, ಮಗ್ಗ ಹೂಡಿದರು, ಅಚ್ಚಿನ ಮನೆ ಇಟ್ಟರು. ಹೆಂಗಸರು ತಮ್ಮ ಕೈಯಾರೆ ದುಡಿದು ಉಣ್ಣಬೇಕೆಂಬ ಛಲ ಮುಲ್ಲರನಿಂದ ಬಂದದ್ದಲ್ಲ. ಮನೆಯವರ ಮುಷ್ಟಿ ಅನ್ನಕ್ಕೆ ಕೈಯೊಡ್ಡಿದ ವಿಧವೆಯರನ್ನು ಕಂಡವರ ಛಲ ಅದು.

1896ರ ಕೊನೆಗೆ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿ ತಾವೇ ಹೋಗಿ ಹಸಿದ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗು ಹರಡಿ ಸರ್ಕಾರದ ನಿರ್ಬಂಧ ಬಿಗಿಯಾಗಿದ್ದರಿಂದ ಇವರನ್ನೆಲ್ಲ ಕೇಡಗಾಂವಿಯ ಹೊಲದಲ್ಲೇ ಗುಡಾರ, ಚಪ್ಪರಗಳಲ್ಲಿ ಇರಿಸಬೇಕಾಯಿತು. ಮುಕ್ತಿ ಸದನ ಹುಟ್ಟಿದ್ದು ಹೀಗೆ. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು. ಶಾರದಾ ಸದನ ಮೇಲ್ಜಾತಿಯ ವಿಧವೆಯರಿಗೆಂದೇ ಇದ್ದದ್ದು. ಮುಕ್ತಿಯಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಉಂಡರು, ಓದಿದರು. ಮೋಸಹೋದ ಹೆಂಗಸರಿಗೆ ಕೃಪಾ ಸದನ ತೆರೆಯಿತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದು ಹದಿನೈದು ವರ್ಷದ ಮೇಲೆ ಮರಾಠಿ ನೆಲದಲ್ಲಿ ಹೀಗೆ ನಿಂತಿತು. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸುವ ವ್ಯವಸ್ಥೆಯೂ ಆಯಿತು.

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಬರದಿಂದ ಬಂದ ಹುಡುಗಿಯರಲ್ಲಿ ಬಹಳ ಮಂದಿ ದೀಕ್ಷಾಸ್ನಾನ ಪಡೆದರು. ಶಾರದಾ ಸದನದ ಹುಡುಗಿಗೆ ಹಿಂತಿರುಗಲು ಹೇಗಿದ್ದರೂ ಒಂದು ಮನೆ ಇತ್ತು. ಬಾಗಿಲಲ್ಲಿ ಬಂದು ಕೂರುವುದು, ಕೂರದಿರುವುದು ಅವಳ ಕೈಯಲ್ಲಿತ್ತು. ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಗುವಿಗೆ ಅನ್ನವೂ ವಿಶ್ವಾಸವೂ ಒಂದೇ ಕೈಯಿಂದ ಬಂದವು. ಅಂಥ ಕಡೆ ಅನುಸರಣೆ ಎಷ್ಟರ ಮಟ್ಟಿಗೆ ಸ್ವಂತ ಆಯ್ಕೆ? ಜೆರಾಲ್ಡಿನ್‌ಗೆ ರಮಾಬಾಯಿ ಮಂಡಿಸಿದ ಮನಸ್ಸಾಕ್ಷಿಯ ಸ್ವಾತಂತ್ರ್ಯದ ವಾದವನ್ನು ಮುಕ್ತಿಯ ಹತ್ತು ವರ್ಷದ ಹುಡುಗಿ ರಮಾಬಾಯಿಯ ಎದುರು ಮಂಡಿಸಲು ಸಾಧ್ಯವಿತ್ತೇ? ರಮಾಬಾಯಿಯನ್ನು ಗೌರವಿಸುವವರೇ ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ಮುಕ್ತಿಯ ಕಾಲಕ್ಕೆ ಅವರು ಹಿಂದೂ ಸುಧಾರಣೆಯ ಸಾರ್ವಜನಿಕ ಚರ್ಚೆಯಿಂದ ದೂರ ಸರಿದರೆಂಬ ವಿಮರ್ಶೆಯಲ್ಲೂ ಹುರುಳಿದೆ. ಆ ದೂರಕ್ಕೆ 1893ರಲ್ಲಿ ಅವರನ್ನು ಕೈಬಿಟ್ಟ ಸಮಾಜವೂ ಹೊಣೆ ಎಂಬುದನ್ನು ಜತೆಗೇ ಹೇಳಬೇಕು. ಎರಡು ಸಂಗತಿಗಳು ಈ ಪ್ರಶ್ನೆಯ ಮೊನೆಯನ್ನು ಸ್ವಲ್ಪ ಮೊಂಡಾಗಿಸುತ್ತವೆ. ಒಂದು, ಆ ಮಕ್ಕಳ ಮುಂದಿದ್ದ ಬೇರೆ ದಾರಿ ಸಾವು, ಇಲ್ಲವೇ ಬರದ ಊರುಗಳಲ್ಲಿ ಹೆಣ್ಣುಮಕ್ಕಳನ್ನು ಹುಡುಕಿ ಬರುತ್ತಿದ್ದ ದಲ್ಲಾಳಿಗಳು. ಇನ್ನೊಂದು, 1905ರ ಜೂನ್ ಕೊನೆಯಲ್ಲಿ ಮುಕ್ತಿಯಲ್ಲಿ ಭಕ್ತಿಯ ಹೊಸ ಅಲೆ ಎದ್ದಾಗ ರಮಾಬಾಯಿ ನಡೆದುಕೊಂಡ ರೀತಿ. ಹುಡುಗಿಯರು ಗಟ್ಟಿಯಾಗಿ ಅಳುತ್ತ, ಕೈತಟ್ಟುತ್ತ, ಎಲ್ಲರೂ ಒಟ್ಟಿಗೆ ದನಿಯೆತ್ತಿ ಪ್ರಾರ್ಥಿಸತೊಡಗಿದರು. ಇದು ಅಶಿಸ್ತು ಎಂದು ಪಾಶ್ಚಾತ್ಯ ಮಿಷನರಿಗಳು ಟೀಕಿಸಿದಾಗ, ಭಾರತದ ಹೆಣ್ಣುಮಕ್ಕಳು ತಮ್ಮ ಸ್ವಭಾವಕ್ಕೆ ಒಪ್ಪುವಂತೆ ಪ್ರಾರ್ಥಿಸಲಿ, ಅದನ್ನು ತಿದ್ದಲು ನಾನು ಹೋಗುವುದಿಲ್ಲ ಎಂಬ ನಿಲುವು ತಳೆದರು. ಮೌನವಾಗಿ ಓದಿ ಧ್ಯಾನಿಸುವ ತಮ್ಮ ಪಂಡಿತ ರೀತಿಯನ್ನು ಅವರ ಮೇಲೆ ಹೇರಲಿಲ್ಲ. ಇದರಿಂದ ಪ್ರಶ್ನೆ ಪೂರ್ತಿ ಬಗೆಹರಿಯುವುದಿಲ್ಲ, ಆದರೂ ಇದನ್ನು ಬಿಟ್ಟು ಮುಕ್ತಿಯನ್ನು ಅಳೆಯುವುದು ನ್ಯಾಯವಲ್ಲ.

ಈ ಅಲೆಯ ಕಥೆ ಅನಿರೀಕ್ಷಿತ ದೂರಕ್ಕೂ ಹೋಯಿತು. ಮುಕ್ತಿಯಲ್ಲಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ 1906ರಲ್ಲಿ ಅದರ ಬಗ್ಗೆ ಕಿರುಪುಸ್ತಕ ಬರೆದು, ಚಿಲಿ ದೇಶದಲ್ಲಿದ್ದ ತಮ್ಮ ಗೆಳತಿ ಮೇ ಹೂವರ್‌ಗೆ ಕಳಿಸಿದರು. 1909ರಲ್ಲಿ ವಾಲ್ಪರೈಸೊ ನಗರದಲ್ಲಿ ಮೊದಲಾದ ಪೆಂಟೆಕೋಸ್ಟಲ್ ಚಳವಳಿಯ ಬೇರುಗಳಲ್ಲಿ ಆ ಪುಸ್ತಕವೂ ಒಂದು. ಮಾದರಿ ಸದಾ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆಂಬ ಗ್ರಹಿಕೆಗೆ ಕೇಡಗಾಂವಿಯ ಬರಪೀಡಿತ ಹುಡುಗಿಯರೇ ಉತ್ತರ.

ರಮಾಬಾಯಿಯ ಕೊನೆಯ ವರ್ಷಗಳು ಬೈಬಲ್ಲಿನ ಮರಾಠಿ ಅನುವಾದಕ್ಕೆ ಮೀಸಲಾದವು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಅಷ್ಟು ದೊಡ್ಡ ಸಂಸ್ಕೃತ ಪಂಡಿತೆ ಆಯ್ದುಕೊಂಡದ್ದು ಓದುಬರಹ ಈಚೆಗಷ್ಟೇ ಕಲಿತ ಹಳ್ಳಿಯ ಹೆಂಗಸಿಗೆ ಎಟುಕುವ ಮರಾಠಿ. ಮುಕ್ತಿಯ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿದವರೂ ಅಂಥ ಹೆಂಗಸರೇ. ಮಗಳು ಮನೋರಮಾ ಈ ಎಲ್ಲ ಕೆಲಸದಲ್ಲಿ ತಾಯಿಯ ಬಲಗೈಯಾಗಿದ್ದರು. ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲಬರ್ಗಾದಲ್ಲಿ ತೆರೆದ ಶಾಲೆಯ ಹಿಂದೆಯೂ ಅವರೇ ಇದ್ದರು. 1921ರಲ್ಲಿ ಮಗಳು ತೀರಿಕೊಂಡರು, 1922ರ ಏಪ್ರಿಲ್ 5ರಂದು ತಾಯಿ. ಪೂರ್ಣ ಬೈಬಲ್ 1924ರಲ್ಲಿ ಹೊರಬಂತು.

ಅನುಸರಿಸಿದವರು

ಶಾರದಾ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಆಕೆಯ ಅಣ್ಣನ ಗೆಳೆಯ, ಫರ್ಗ್ಯುಸನ್ ಕಾಲೇಜಿನ ಗಣಿತ ಅಧ್ಯಾಪಕ ಧೋಂಡೊ ಕೇಶವ ಕರ್ವೆ, 1893ರಲ್ಲಿ ಆಕೆಯನ್ನು ಮದುವೆಯಾದರು. ಗೋದೂಬಾಯಿ ಆನಂದಿಬಾಯಿ ಕರ್ವೆಯಾದರು. ಶಾರದಾ ಸದನದ ಗಲಾಟೆ ಎದ್ದ ವರ್ಷವೂ ಅದೇ. ಮೂರು ವರ್ಷದ ನಂತರ, 1896ರಲ್ಲಿ, ಕರ್ವೆ ವಿಧವೆಯರ ಆಶ್ರಮದ ಸಂಘ ಕಟ್ಟಿದರು. 1900ರಲ್ಲಿ ಅದು ಪುಣೆ ಹೊರವಲಯದ ಹಿಂಗಣೆಗೆ ಹೋಯಿತು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಕರ್ವೆಯವರ ಕಣ್ಣ ಮುಂದಿದ್ದ ಮಾದರಿ ಶಾರದಾ ಸದನವೇ. ಅದು ಎದುರಿಸಿದ ಬಿಕ್ಕಟ್ಟಿನಿಂದ ಅವರು ಎಚ್ಚರವನ್ನೂ ಕಲಿತರು. ಆಶ್ರಮ ವಿಧವಾ ವಿವಾಹವನ್ನು ಪ್ರಚಾರ ಮಾಡುವುದಿಲ್ಲ, ಆಚಾರಗಳನ್ನು ಕೆಣಕುವುದಿಲ್ಲ, ವಿದ್ಯೆಯೊಂದೇ ಅದರ ಗುರಿ ಎಂದು ನಿಯಮ ಮಾಡಿದರು. ರಮಾಬಾಯಿ ವಾಂಟೇಜಿನವರ ಕೆಲಸವನ್ನು ತೆಗೆದುಕೊಂಡು ಅವರ ಅಧಿಕಾರವನ್ನು ಬಿಟ್ಟಂತೆ, ಕರ್ವೆ ರಮಾಬಾಯಿಯ ಕೆಲಸವನ್ನು ತೆಗೆದುಕೊಂಡು ಅವರ ಧರ್ಮವನ್ನು ಬಿಟ್ಟರು. ಇದನ್ನು ರಮಾಬಾಯಿಯ ಸೋಲೆಂದು ಅಂದಿನ ಕೆಲವರು ಬಗೆದಿದ್ದರೆ ಆಶ್ಚರ್ಯವಿಲ್ಲ. ನನಗೆ ಇದು ಅವರ ಬದುಕಿಗೆ ಸಂದ ಅತ್ಯಂತ ಪ್ರಾಮಾಣಿಕ ಅನುಸರಣೆಯಾಗಿ ಕಾಣುತ್ತದೆ, ಏಕೆಂದರೆ ಇದಕ್ಕೆ ಯಾರ ಅನ್ನದ ಹಂಗೂ ಇರಲಿಲ್ಲ.

ಆನಂದಿಬಾಯಿಯ ತಂಗಿ ಪಾರ್ವತೀಬಾಯಿ ಆಠವಳೆಯೂ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಅಕ್ಕನ ಬದುಕನ್ನು ಕಂಡು ಓದಲು ಕುಳಿತು, ಹಿಂಗಣೆಯ ಆಶ್ರಮ ಸೇರಿ, ಊರೂರು ಅಲೆದು ಅದಕ್ಕೆ ಹಣ ಕೂಡಿಸಿದರು. ವಿಧವೆಯ ವೇಷದಲ್ಲೇ ಬಹಳ ವರ್ಷ ಕೆಲಸ ಮಾಡಿ, ಕೊನೆಗೆ ಸ್ವಂತ ತೀರ್ಮಾನದಿಂದ ತಲೆ ಬೋಳಿಸಿಕೊಳ್ಳುವುದನ್ನು ನಿಲ್ಲಿಸಿದರು. ನಡುವಯಸ್ಸು ದಾಟುತ್ತಿದ್ದಾಗ ಇಂಗ್ಲಿಷ್ ಕಲಿಯಲೆಂದು ಒಬ್ಬರೇ ಅಮೆರಿಕಕ್ಕೆ ಹೋಗಿ, ಮನೆಗೆಲಸ ಮಾಡಿ ಹೊಟ್ಟೆ ಹೊರೆದು, ಆಶ್ರಮಕ್ಕೆ ನೆರವು ಕೂಡಿಸಿಕೊಂಡು ಬಂದರು. ಪಾರ್ವತೀಬಾಯಿ ಕೊನೆಯವರೆಗೂ ಹಿಂದೂವಾಗಿಯೇ ಇದ್ದರು. ತಮ್ಮ ಆತ್ಮಕಥೆಯನ್ನು ಮರಾಠಿಯಲ್ಲಿ ಬರೆದರು. ಜಸ್ಟಿನ್ ಅಬಟ್ ಅದನ್ನು ಇಂಗ್ಲಿಷಿಗೆ ತಂದು 1930ರಲ್ಲಿ ಪ್ರಕಟಿಸಿದರು.